ಗಾಲಿಕುರ್ಚಿಯವರ ಗುಂಪುವಿಹಾರ: ಕರುಣೆಗೆ ಮೊದಲು ಅಳತೆ

ಮಳೆಗಾಲವು ಹಿಂದೆಗೆದು ಕಾರ್ತಿಕದ ಬಿಸಿಲು ಹದವಾಗುತ್ತಲೇ ನಮ್ಮ ಪಟ್ಟಣಗಳ ಗೃಹಸ್ಥರು ವನಭೋಜನದ ಮಾತೆತ್ತುವುದು ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಕೆಲವರು ಕೆರೆಯ ಏರಿಗೆ, ಕೆಲವರು ಊರ ಹೊರಗಿನ ತೋಪಿಗೆ, ಕೆಲವರು ಬೆಟ್ಟದ ತಪ್ಪಲಿಗೆ ಬುತ್ತಿ ಕಟ್ಟಿಕೊಂಡು ಹೊರಡುವರು. ಆದರೆ ಆ ಮನೆಯಲ್ಲಿ ಗಾಲಿಕುರ್ಚಿಯಲ್ಲಿ ಸಂಚರಿಸುವವರೊಬ್ಬರಿದ್ದರೆ ಆಗ ನಡೆಯುವುದೇನೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡು ಬಲ್ಲರು. "ನಿಮಗೆ ಅಲ್ಲಿ ಆಯಾಸವಾದೀತು, ಮನೆಯಲ್ಲಿ ವಿಶ್ರಮಿಸಿಕೊಳ್ಳಿ" ಎಂದು ಪ್ರೀತಿಯಿಂದಲೇ ಹೇಳಿ, ಅವರ ಪಾಲಿನ ಚಿತ್ರಾನ್ನವನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಮಿಕ್ಕವರು ಗಾಡಿ ಹತ್ತುವರು.

ಮನೆಯವರ ಹೃದಯ ಕಠಿಣವಾಗಿ ಹೀಗಾಗುವುದೆಂದು ನಾವು ಹೇಳುವುದಿಲ್ಲ. ಹೋಗಬೇಕಾದ ದಾರಿಯಲ್ಲಿ ಕುರ್ಚಿಯ ಗಾಲಿ ಉರುಳುವುದೋ ಇಲ್ಲವೋ ಎಂಬುದು ಅವರಲ್ಲಿ ಯಾರಿಗೂ ತಿಳಿಯದು. ತಿಳಿಯದ ಕಾರಣ ಉರುಳದೆಂದೇ ತೀರ್ಮಾನವಾಗಿಬಿಡುತ್ತದೆ. ಈ ಅಜ್ಞಾನವನ್ನು ನೀಗುವುದಕ್ಕೆ ಬೇಕಾದ ಮುಖ್ಯ ಉಪಕರಣಗಳು ಒಂದು ಅಳತೆಪಟ್ಟಿ, ಒಂದು ಹಲಗೆ, ಗಾರೆಯವರ ಬಳಿಯಿರುವ ಒಂದು ರಸಮಟ್ಟ, ಇಷ್ಟೇ ಎಂಬುದನ್ನು ತೋರಿಸಲು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಗಾಲಿಕುರ್ಚಿಯವರು ಹತ್ತಾರು ಮಂದಿ ಒಟ್ಟುಗೂಡಿ ಬಯಲಿನ ಕಾಲುದಾರಿಯಲ್ಲಿ ವಿಹಾರ ಹೊರಡುವುದು ಅನ್ಯ ದೇಶಗಳಲ್ಲಿ ಈಗ ಸಾಮಾನ್ಯ ಸಂಗತಿ. ನಮ್ಮಲ್ಲಿಯೂ ಅದು ಅಸಾಧ್ಯವಲ್ಲ. ಅದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಮಾತ್ರ ನಾವಿನ್ನೂ ಕಲಿತಿಲ್ಲ.

ವಿಷಯವು ಎಷ್ಟು ಜನಕ್ಕೆ ಸಂಬಂಧಿಸಿದ್ದೆಂದು ಕೇಳುವವರಿಗೆ ೨೦೧೧ರ ಜನಗಣತಿಯೇ ಉತ್ತರ ಹೇಳುತ್ತದೆ. ಆ ಗಣತಿಯಲ್ಲಿ ಭಾರತದ ಅಂಗವಿಕಲರ ಸಂಖ್ಯೆ ೨ ಕೋಟಿ ೬೮ ಲಕ್ಷ. ಅವರಲ್ಲಿ ಚಲನೆಗೆ ಸಂಬಂಧಿಸಿದ ವೈಕಲ್ಯವುಳ್ಳವರು ಸುಮಾರು ೫೪ ಲಕ್ಷ. ಕರ್ನಾಟಕದ ಒಟ್ಟು ಲೆಕ್ಕ ಸುಮಾರು ೧೩ ಲಕ್ಷ ೨೪ ಸಾವಿರ. ಇವರೆಲ್ಲರೂ ಗಾಲಿಕುರ್ಚಿ ಬಳಸುವವರಲ್ಲವೆಂಬುದು ನಿಜ. ಆದರೆ ಗಾಲಿಕುರ್ಚಿಗೆ ತೆರೆದ ದಾರಿಯು ಕೋಲೂರಿ ನಡೆಯುವ ವೃದ್ಧರಿಗೂ ಕೂಸಿನ ತಳ್ಳುಗಾಡಿಯನ್ನು ನೂಕುವ ತಾಯಿಗೂ ತಾನಾಗಿಯೇ ತೆರೆದಿರುತ್ತದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಸರೋವರ ಪ್ರಾಂತ್ಯವೆಂಬ ಗುಡ್ಡಗಾಡು ಸೀಮೆಯುಂಟು. ಕವಿ ವರ್ಡ್ಸ್‌ವರ್ತನ ನಾಡೆಂದು ಹೈಸ್ಕೂಲಿನಲ್ಲಿ ಓದಿದವರೆಲ್ಲ ಅದರ ಹೆಸರನ್ನು ಬಲ್ಲರು. ಆ ಸೀಮೆಯ ಹೊಲಗಳ ನಡುವೆ ಕಲ್ಲಿನ ಪೌಳಿಗಳೂ ಬೇಲಿಗಳೂ ಹೇರಳ. ಮನುಷ್ಯನು ದಾಟಬೇಕು, ದನ ದಾಟಬಾರದು ಎಂದು ನಮ್ಮ ಮಲೆನಾಡಿನವರು ಬೇಲಿಗೆ ತಡಬೆ ಇಡುವರಲ್ಲವೆ? ಅಂಥ ತಡಬೆಗಳು ಅಲ್ಲಿಯೂ ಹೆಜ್ಜೆಹೆಜ್ಜೆಗೆ ಇವೆ. ಕಾಲುಳ್ಳವನಿಗೆ ಅದು ಎರಡು ಮೆಟ್ಟಿಲು. ಗಾಲಿಯವನಿಗೆ ಅಲ್ಲಿಗೇ ದಾರಿ ಮುಗಿಯಿತು. ಆದಕಾರಣ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತದವರು "ತಡಬೆಯಿಲ್ಲದ ಮೈಲಿಗಳು" ಎಂಬರ್ಥದ ಹೆಸರಿಟ್ಟು, ತಡಬೆಯಿಲ್ಲದ ದಾರಿಗಳನ್ನು ಆಯ್ದು, ಸರಿಪಡಿಸಿ, ಪಟ್ಟಿ ಮಾಡಿ ಪ್ರಕಟಿಸಿದ್ದಾರೆ. ಪಟ್ಟಿಯಲ್ಲಿ ದಾರಿಗಳಿಗೆ ಮೂರು ವರ್ಗಗಳಿವೆ: ಎಲ್ಲರಿಗೂ, ಅನೇಕರಿಗೆ, ಕೆಲವರಿಗೆ. ಮೊದಲನೆಯ ವರ್ಗದ ದಾರಿಯಲ್ಲಿ ಏರು ೧೦ಕ್ಕೆ ೧ನ್ನು ಮೀರದು, ಅಗಲ ೧ ಮೀಟರಿಗೆ ಕಡಮೆಯಿರದು, ಮೇಲ್ಮೈ ನುಣುಪಾಗಿರುವುದು. ತನ್ನ ಕುರ್ಚಿಯನ್ನು ತಾನೇ ನಡೆಸಿಕೊಳ್ಳುವವನು ಅಲ್ಲಿ ಒಬ್ಬನೇ ಹೋಗಿಬರಬಹುದು. ಎರಡನೆಯದಕ್ಕೆ ಸಹಾಯಕನೊಬ್ಬನು ಜತೆಗಿರಬೇಕು. ಮೂರನೆಯದು ಕಡಿದು, ಸಡಿಲ ಕಲ್ಲುಗಳಿರಬಹುದು, ಬಲವೂ ಅನುಭವವೂ ಉಳ್ಳವರಿಗೆ ಮಾತ್ರ ತಕ್ಕದ್ದು.

ಈ ವಿಂಗಡಣೆಯಲ್ಲಿ ನಾವು ಮೆಚ್ಚುವ ಗುಣವೆಂದರೆ, ಯಾರೂ ಯಾರಿಗೂ "ನೀನು ಬರಬೇಡ" ಎನ್ನುವ ಪ್ರಸಂಗವೇ ಇಲ್ಲದಿರುವುದು. ದಾರಿಯ ಸ್ವರೂಪವನ್ನು ಹೇಳಿದ್ದಾರೆ. ಹೋಗುವುದೂ ಬಿಡುವುದೂ ಹೋಗುವವನ ಇಷ್ಟ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ವಿಚಾರವು ಶಾಸನದ ರೂಪವನ್ನು ಪಡೆದಿದೆ. ಅಲ್ಲಿನ ಕೇಂದ್ರ ಸರ್ಕಾರದ ಭೂಮಿಯಲ್ಲಿ ಹೊಸದಾಗಿ ಮಾಡುವ ಕಾಲುದಾರಿಗಳಿಗೆ ೨೦೧೩ರಲ್ಲಿ ನಿಯಮಗಳನ್ನು ವಿಧಿಸಿದರು. ದಾರಿಯ ಅಗಲ ೩೬ ಅಂಗುಲಕ್ಕೆ ಕಡಮೆಯಾಗಬಾರದು. ಅಗಲ ೬೦ ಅಂಗುಲಕ್ಕಿಂತ ಕಡಮೆಯಿರುವಲ್ಲಿ ಪ್ರತಿ ೧೦೦೦ ಅಡಿಗೊಮ್ಮೆ ಎದುರುಬದುರಾದ ಎರಡು ಕುರ್ಚಿಗಳು ಸರಿದು ಹೋಗಲು ಎಡೆಯಿರಬೇಕು. ೨೦ಕ್ಕೆ ೧ರ ಏರು ಎಷ್ಟು ದೂರ ಬೇಕಾದರೂ ಇರಬಹುದು. ೧೨ಕ್ಕೆ ೧ರವರೆಗಿನ ಏರು ಒಂದೇ ಸಮನೆ ೨೦೦ ಅಡಿಗೆ ಮೀರಬಾರದು, ಅನಂತರ ಸಮತಟ್ಟಾದ ತಂಗುಜಾಗ ಬೇಕು. ನಿಯಮದ ತಿರುಳೆಂದು ನಮಗೆ ತೋರುವುದು ದಾರಿಯ ಬಾಯಿಯಲ್ಲಿ ನಿಲ್ಲಿಸಬೇಕಾದ ಫಲಕ. ಅದರಲ್ಲಿ ಐದು ವಿಷಯಗಳಿರಬೇಕು: ದಾರಿಯ ಉದ್ದ, ಮೇಲ್ಮೈಯ ಬಗೆ, ಸಾಮಾನ್ಯವಾದ ಅಗಲ ಮತ್ತು ಅತಿ ಕಿರಿದಾದೆಡೆಯ ಅಗಲ, ಸಾಮಾನ್ಯವಾದ ಏರು ಮತ್ತು ಅತಿ ಕಡಿದಾದೆಡೆಯ ಏರು, ಹಾಗೆಯೇ ಪಕ್ಕಕ್ಕೆ ವಾಲಿರುವ ಪ್ರಮಾಣ. ಈ ಐದನ್ನು ಓದಿಕೊಂಡವನಿಗೆ ಇನ್ನು ಯಾರ ಸಲಹೆಯೂ ಬೇಕಾಗಿಲ್ಲ.

ನಮ್ಮಲ್ಲಿ ಅಂಥ ಫಲಕಗಳಿಲ್ಲವಾದ್ದರಿಂದ ವಿಹಾರವನ್ನು ಏರ್ಪಡಿಸುವವರೇ ದಾರಿಯನ್ನು ಅಳೆಯತಕ್ಕದ್ದು. ಅಳೆಯಲು ಹೋಗುವ ತಂಡದಲ್ಲಿ ಗಾಲಿಕುರ್ಚಿಯವರೊಬ್ಬರು ಕಡ್ಡಾಯವಾಗಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಕಾಲಿನಿಂದ ನಡೆಯುವವನ ಕಣ್ಣಿಗೆ ಎರಡು ಅಂಗುಲದ ಅಂಚುಗಲ್ಲು ಬೀಳುವುದೇ ಇಲ್ಲ. ಕುರ್ಚಿಯಲ್ಲಿರುವವರು ಮುಂದಾಳುಗಳಾಗಬಲ್ಲರೇ ಎಂದು ಸಂಶಯಪಡುವವರಿಗೆ ಎರಡು ಹೆಸರುಗಳನ್ನು ಜ್ಞಾಪಿಸುವೆವು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರು ೧೯೫೪ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ತಪ್ಪಿದ ಮೇಲೂ ಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದರು. ೧೯೬೬ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆಯನ್ನು ಕಟ್ಟಿದರು. ನಮ್ಮ ಬೆಂಗಳೂರಿನಲ್ಲಿ ೧೯೫೯ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದ ಎನ್. ಎಸ್. ಹೇಮಾ ಅವರೂ ಗಾಲಿಕುರ್ಚಿಯವರೇ.

ಏರನ್ನು ಅಳೆಯುವ ಕ್ರಮ ಬಹು ಸುಲಭ. ಸರಿಯಾಗಿ ೧ ಮೀಟರು ಉದ್ದದ ನೇರವಾದ ಹಲಗೆಯೊಂದನ್ನು ದಾರಿಯ ಉದ್ದಕ್ಕೆ ಮಲಗಿಸಿ, ಅದರ ಮೇಲೆ ರಸಮಟ್ಟವನ್ನಿಡುವುದು. ಹಲಗೆಯ ಮೇಲಿನ ತುದಿಯನ್ನು ನೆಲಕ್ಕೆ ತಾಗಿಸಿಕೊಂಡೇ, ಕೆಳಗಿನ ತುದಿಯನ್ನು ಗುಳ್ಳೆಯು ನಡುವೆ ನಿಲ್ಲುವವರೆಗೆ ಎತ್ತುವುದು. ಆ ತುದಿಗೂ ನೆಲಕ್ಕೂ ಇರುವ ಅಂತರವು ೫ ಸೆಂಟಿಮೀಟರಾದರೆ ೨೦ಕ್ಕೆ ೧ರ ಏರು. ೮ ದಾಟಿದರೆ ೧೨ಕ್ಕೆ ೧. ೧೨ ಆಯಿತೆಂದರೆ ಅದು ಅಮೆರಿಕಾದ ನಿಯಮವು ಅತಿ ಕಿರಿದಾದ ತುಂಡಿಗೆ ಮಾತ್ರ ಒಪ್ಪುವ ಕಟ್ಟಕಡೆಯ ಮಿತಿ. ಇದೇ ಹಲಗೆಯನ್ನು ದಾರಿಗೆ ಅಡ್ಡಲಾಗಿಟ್ಟು ಅಳೆದರೆ ಪಕ್ಕದ ವಾಲು ಸಿಗುತ್ತದೆ. ಅದು ಮಣ್ಣುದಾರಿಯಲ್ಲಿ ೫ ಸೆಂಟಿಮೀಟರನ್ನು ಮೀರಬಾರದು.

ಪಕ್ಕದ ವಾಲಿನ ವಿಷಯವಾಗಿ ಒಂದು ಮಾತನ್ನು ಹೆಚ್ಚಾಗಿಯೇ ಹೇಳಬೇಕಾಗಿದೆ, ಏಕೆಂದರೆ ಏರನ್ನು ಎಲ್ಲರೂ ಕಾಣುವರು, ವಾಲನ್ನು ಯಾರೂ ಕಾಣರು. ವಾಲಿದ ದಾರಿಯಲ್ಲಿ ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ತಗ್ಗಿನ ಕಡೆಗೆ ತಾವಾಗಿಯೇ ತಿರುಗುತ್ತವೆ. ಅದನ್ನು ಸರಿಪಡಿಸುತ್ತ ನೇರವಾಗಿ ಹೋಗಬೇಕಾದರೆ ಕುಳಿತವನು ತಗ್ಗಿನ ಕಡೆಯ ಕೈಯಿಂದಲೇ ಎರಡು ಪಾಲು ಬಲವನ್ನು ಹಾಕುತ್ತ, ಮತ್ತೊಂದು ಕೈಯಿಂದ ಗಾಲಿಯನ್ನು ತಡೆಹಿಡಿಯುತ್ತಿರಬೇಕು. ಅರ್ಧ ಮೈಲಿ ಹೀಗೆ ಹೋದರೆ ಒಂದು ಭುಜ ಸೋತುಹೋಗುವುದು. ಆ ಭುಜವು ಅವನಿಗೆ ಕಾಲೂ ಹೌದು. ಮನೆಗೆ ಹೋಗಿ ಹಾಸಿಗೆಗೆ ಸರಿಯಬೇಕಾದರೂ ಅದೇ ಬೇಕು.

ಮೇಲ್ಮೈಯ ಪರೀಕ್ಷೆಗೆ ಯಂತ್ರ ಬೇಕಾಗಿಲ್ಲ. ಗಟ್ಟಿಸಿದ ಜೇಡಿಮಣ್ಣು, ಸಣ್ಣ ಜಲ್ಲಿಯನ್ನು ಅದುಮಿದ ದಾರಿ, ಡಾಂಬರು ಇವು ಒಳ್ಳೆಯವು. ಸಡಿಲ ಮರಳು ಎಲ್ಲಕ್ಕಿಂತ ಕೆಟ್ಟದ್ದು. ಚಿಕ್ಕ ಗಾಲಿಗಳು ಅದರಲ್ಲಿ ಹೂತು ಕುರ್ಚಿ ಮುಂದಕ್ಕೆ ಮುಗ್ಗರಿಸುವುದು. ಹುಲ್ಲು ನೋಡಲು ಮೃದು, ನೂಕಲು ಭಾರ. ನಮ್ಮ ಕೆಮ್ಮಣ್ಣಿನ ದಾರಿಯು ಒಣಗಿದ್ದಾಗ ಡಾಂಬರಿಗೆ ಸಮನಾಗಿದ್ದರೂ ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು, ಗಾಲಿಯಿಂದ ಕೈಗೆ, ಕೈಯಿಂದ ಬಟ್ಟೆಗೆ ಹತ್ತುವುದು. ಹಾಗಾಗಿ ಮಳೆಯ ಮೊದಲು ಅಳೆದ ದಾರಿಯನ್ನು ಮಳೆಯ ಅನಂತರ ಮತ್ತೊಮ್ಮೆ ನೋಡದೆ ನಂಬಬಾರದು. ಹೊರಡುವ ಹಿಂದಿನ ದಿನ ಒಬ್ಬರು ಸೈಕಲ್ಲಿನಲ್ಲಿಯಾದರೂ ಹೋಗಿ ಬಿದ್ದ ಮರ, ಹೊಸದಾಗಿ ಅಗೆದ ಗುಂಡಿ, ಸುರಿದ ಜಲ್ಲಿಯ ರಾಶಿ ಇವುಗಳನ್ನು ನೋಡಿಕೊಂಡು ಬರತಕ್ಕದ್ದು. ನಮ್ಮ ಊರುಗಳಲ್ಲಿ ಗುಂಡಿ ಅಗೆಯುವ ಇಲಾಖೆಗಳು ಎಷ್ಟೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ದಾರಿಯೆಲ್ಲ ಸರಿಯಾಗಿದ್ದು ಬಾಗಿಲೊಂದು ಕೆಟ್ಟಿದ್ದರೂ ವಿಹಾರ ಕೆಟ್ಟಂತೆಯೇ. ನಮ್ಮ ಉದ್ಯಾನಗಳ ಬಾಗಿಲುಗಳಲ್ಲಿ ಮೋಟಾರು ಸೈಕಲ್ಲುಗಳು ನುಗ್ಗಬಾರದೆಂದು ತಿರುಗುವ ಕಬ್ಬಿಣದ ಗೇಟನ್ನೋ, ಅಡ್ಡಾದಿಡ್ಡಿ ಕಂಬಿಗಳನ್ನೋ, ಒತ್ತೊತ್ತಾಗಿ ನೆಟ್ಟ ಕಲ್ಲುಗೂಟಗಳನ್ನೋ ಇಡುವುದು ವಾಡಿಕೆಯಾಗಿದೆ. ಮೋಟಾರು ಸೈಕಲ್ಲಿನವನು ಹೇಗೂ ಬೇರೊಂದು ಸಂದಿಯನ್ನು ಹುಡುಕಿಕೊಳ್ಳುವನು. ಗಾಲಿಕುರ್ಚಿಯವನಿಗೆ ಬೇರೆ ಸಂದಿಯಿಲ್ಲ. ಮೋಟಾರು ಸೈಕಲ್ಲನ್ನು ತಡೆದು ಕುರ್ಚಿಯನ್ನು ಬಿಡುವ ಕಂಬಿಯನ್ನು ರಚಿಸುವುದು ಕಷ್ಟವೆಂಬುದನ್ನು ನಾವು ಒಪ್ಪುತ್ತೇವೆ. ಎರಡರ ಅಗಲವೂ ಹೆಚ್ಚುಕಡಮೆ ಒಂದೇ. ಅಂಥಲ್ಲಿ ಕಂಬಿಗೆ ಬದಲು ಕಾವಲುಗಾರನನ್ನು ಇಡುವುದೇ ಯುಕ್ತ. ಹಿಂಬಾಗಿಲ ಬೀಗ ತೆರೆಯುತ್ತೇವೆಂದು ಹೇಳುವ ಕಡೆಗಳಲ್ಲಿ ಬೀಗದ ಕೈ ಯಾರ ಬಳಿಯಿದೆ, ಅವರು ಭಾನುವಾರ ಎಲ್ಲಿರುವರು ಎಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಇನ್ನು ಕುರ್ಚಿಗಳ ವಿಚಾರ. ಗಾಲಿಕುರ್ಚಿಯೆಂದರೆ ಆಸ್ಪತ್ರೆಯ ವರಾಂಡದ ವಸ್ತುವೆಂದು ತಿಳಿದವರು ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಸುಮಾರು ೧೬೫೫ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಬಳಿಯಲ್ಲಿದ್ದ ಸ್ಟೀಫನ್ ಫಾರ್ಫ್ಲರನೆಂಬ ಗಡಿಯಾರದ ಕುಶಲಿಯು, ತಾನು ನಡೆಯಲಾರದ ಕಾರಣ, ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿಯನ್ನು ತನಗಾಗಿಯೇ ಮಾಡಿಕೊಂಡನು. ಮಡಿಸುವ ಗಾಲಿಕುರ್ಚಿಯು ಬಂದದ್ದು ೧೯೩೦ರ ದಶಕದಲ್ಲಿ; ಗಣಿಯ ಅಪಘಾತದಲ್ಲಿ ಬೆನ್ನು ಮುರಿದ ಹರ್ಬರ್ಟ್ ಎವರೆಸ್ಟನೂ ಅವನ ಮಿತ್ರ ಹ್ಯಾರಿ ಜೆನಿಂಗ್ಸನೂ ಅಮೆರಿಕಾದಲ್ಲಿ ಅದನ್ನು ರೂಪಿಸಿದ್ದು ಮೋಟಾರು ಕಾರಿನಲ್ಲಿ ಹಾಕಿಕೊಂಡು ಹೋಗುವುದಕ್ಕಾಗಿ. ಎರಡೂ ಹೊರಗೆ ಹೊರಡುವ ಆಸೆಯಿಂದ ಹುಟ್ಟಿದವು.

ನಮ್ಮ ನಾಡಿನ ಒಂದು ಗುಂಪಿನಲ್ಲಿ ಇಂದು ನಾಲ್ಕೈದು ಬಗೆಯ ವಾಹನಗಳು ಸೇರುವುದು ನಿಶ್ಚಯ: ಮಡಿಸುವ ಸಾಧಾರಣ ಕುರ್ಚಿ, ಹಗುರವಾದ ಸ್ವಯಂಚಾಲನೆಯ ಕುರ್ಚಿ, ಬ್ಯಾಟರಿಯ ಕುರ್ಚಿ, ಸರ್ಕಾರದ ಸಹಾಯಯೋಜನೆಯಲ್ಲಿ ಹಂಚುವ ಕೈಚಾಲಿತ ಮೂರುಗಾಲಿಯ ಸೈಕಲ್. ಮದರಾಸಿನ ಐ.ಐ.ಟಿ.ಯಲ್ಲಿ ರೂಪುಗೊಂಡ ನಿಯೋಬೋಲ್ಟಿನಂತೆ, ಕುರ್ಚಿಯ ಮುಂದಕ್ಕೆ ಸಿಕ್ಕಿಸಿ ರಸ್ತೆಯಲ್ಲಿ ಓಡಿಸುವ ಮೋಟಾರುಭಾಗಗಳೂ ಈಚೆಗೆ ಬಂದಿವೆ. ಇವುಗಳ ವೇಗವೂ ಅಗಲವೂ ತಿರುಗಲು ಬೇಕಾದ ಎಡೆಯೂ ಬೇರೆಬೇರೆ. ಆದ್ದರಿಂದ ಹೆಸರು ಕೊಡುವಾಗಲೇ ಪ್ರತಿಯೊಬ್ಬರಿಂದಲೂ ಕುರ್ಚಿಯ ಬಗೆ, ಅಗಲ, ತೂಕ ಇವನ್ನು ಕೇಳಿ ಬರೆದುಕೊಳ್ಳತಕ್ಕದ್ದು. ಬ್ಯಾಟರಿಯ ಕುರ್ಚಿಯು ಕೆಲವು ವೇಳೆ ೧೦೦ ಕಿಲೋಗ್ರಾಮಿಗೂ ಮೇಲೆ ತೂಗುವುದು. ಸಾಧಾರಣ ಕುರ್ಚಿಯನ್ನು ನಾಲ್ವರು ಸೇರಿ ಒಂದು ಮೆಟ್ಟಿಲು ದಾಟಿಸಬಹುದಾದರೂ ಇದನ್ನು ದಾಟಿಸುವುದು ಆಗದ ಮಾತು. ಎರಡು ಗಟ್ಟಿ ಹಲಗೆಗಳು ಜತೆಗಿರುವುದು ಒಳ್ಳೆಯದು.

ಬ್ಯಾಟರಿಯ ಕುರಿತು ತಯಾರಕರು ಹೇಳುವ ದೂರವು ಸಮತಟ್ಟಾದ ಗಟ್ಟಿನೆಲಕ್ಕೆ, ಹೊಸ ಬ್ಯಾಟರಿಗೆ, ಪೂರ್ತಿ ತುಂಬಿದ ವಿದ್ಯುತ್ತಿಗೆ ಸಲ್ಲುವುದು. ಹುಲ್ಲು, ಏರು, ಹಳೆಯ ಬ್ಯಾಟರಿ ಇವು ಸೇರಿದರೆ ಅದು ಬಹಳ ಇಳಿಯುವುದು. ಗುಂಪಿನ ಅತ್ಯಂತ ದುರ್ಬಲವಾದ ಬ್ಯಾಟರಿಯು ಎಷ್ಟು ದೂರವೆಂದು ಹೇಳುವುದೋ, ಹೋಗಿಬರುವ ಒಟ್ಟು ದಾರಿಯು ಅದರ ಅರ್ಧವನ್ನು ಮೀರದಂತೆ ಗೊತ್ತುಮಾಡಿಕೊಂಡರೆ ಕ್ಷೇಮ. ನಡುದಾರಿಯಲ್ಲಿ ನಿಂತ ಬ್ಯಾಟರಿ ಕುರ್ಚಿಯನ್ನು ನೂಕಬೇಕಾದರೆ ಮೋಟಾರನ್ನು ಗಾಲಿಯಿಂದ ಬಿಡಿಸುವ ಹಿಡಿಯುಂಟು. ಆದರೆ ಅದನ್ನು ಬಿಡಿಸಿದೊಡನೆ ಕುರ್ಚಿಯ ತಡೆಯೂ ಬಿಟ್ಟುಹೋಗುವುದೆಂಬುದನ್ನು ಸಹಾಯಕರು ತಿಳಿದಿರಬೇಕು. ಇಳಿಜಾರಿನಲ್ಲಿ ಇದನ್ನು ತಿಳಿಯದೆ ಬಿಡಿಸುವುದು ಪ್ರಾಣಾಪಾಯದ ಕೆಲಸ.

ಈಗ ನಾವು ಹೇಳಲಿರುವುದು ಸಭ್ಯರು ಸಾಮಾನ್ಯವಾಗಿ ಪತ್ರಿಕೆಯಲ್ಲಿ ಎತ್ತದ ಮಾತು. ವಿಹಾರವು ನಡೆಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಬಹುಮಟ್ಟಿಗೆ ಶೌಚಾಲಯ. ಕುರ್ಚಿಯ ಸಮೇತ ಒಳಹೋಗಿ ತಿರುಗಲು ಬರುವ ಶೌಚಾಲಯವು ದಾರಿಯಲ್ಲಿ ಇಲ್ಲವೆಂದು ತಿಳಿದರೆ, ಬರುವವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವರು. ಹೆಂಗಸರಂತೂ ಇನ್ನೂ ಮೊದಲೇ. ಬಿಸಿಲಿನಲ್ಲಿ ನೀರಿಲ್ಲದೆ ಬಳಲುವುದು ಒಂದು, ಮೂತ್ರಕೋಶದ ಸೋಂಕು ಮತ್ತೊಂದು. ಬಾಗಿಲ ತೆರಪು ೯೦೦ ಮಿಲಿಮೀಟರು ಇರುವ, ಒಳಗೆ ಹಿಡಿಕಂಬಿಗಳಿರುವ ಶೌಚಾಲಯವು ಎಲ್ಲಿದೆ, ಆ ದಿನ ಅದರ ಬೀಗ ತೆಗೆದಿರುವುದೇ, ಒಳಗೆ ಪೊರಕೆ ಬಕೀಟುಗಳನ್ನು ತುಂಬಿಟ್ಟಿಲ್ಲವಷ್ಟೇ ಎಂಬುದನ್ನು ಕಣ್ಣಾರೆ ನೋಡಿ ಬರಬೇಕು. ಇಲ್ಲವಾದರೆ ಸುತ್ತಲೂ ಪರದೆ ಕಟ್ಟಿದ ತಾತ್ಕಾಲಿಕ ಏರ್ಪಾಡನ್ನು ಮಾಡಿ, ಅದನ್ನು ಮುಂಚಿತವಾಗಿ ಎಲ್ಲರಿಗೂ ತಿಳಿಸಬೇಕು.

ಬೆನ್ನುಹುರಿಗೆ ಪೆಟ್ಟು ತಗುಲಿದವರ ಶರೀರಧರ್ಮವನ್ನು ಸಹಾಯಕರು ಮೊದಲೇ ಕೇಳಿ ತಿಳಿದಿರುವುದು ಅವಶ್ಯ. ಪೆಟ್ಟಿನ ಕೆಳಗಿನ ಭಾಗಕ್ಕೆ ಸ್ಪರ್ಶಜ್ಞಾನವಿಲ್ಲದಿರುವುದರಿಂದ ಕುಳಿತಲ್ಲಿಯೇ ಚರ್ಮ ಒತ್ತಿ ಹುಣ್ಣಾದರೂ ಅವರಿಗೆ ತಿಳಿಯದು. ಹದಿನೈದು ನಿಮಿಷದಿಂದ ಅರ್ಧ ಗಂಟೆಗೊಮ್ಮೆ ಮೈಯನ್ನು ಎತ್ತಿಯೋ ಮುಂದಕ್ಕೆ ಬಾಗಿಯೋ ಭಾರವನ್ನು ಬದಲಿಸಬೇಕು. ಗುಂಪು ನಿಲ್ಲುವ ವೇಳೆಯನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು. ಪೆಟ್ಟಿನ ಕೆಳಗೆ ಬೆವರು ಬಾರದ ಕಾರಣ ಮೈಯ ತಾಪ ಬೇಗ ಏರುವುದು. ಬೆಳಗಿನ ತಂಪಿನಲ್ಲಿ ಹೊರಟು ಬಿಸಿಲೇರುವ ಮೊದಲು ಹಿಂದಿರುಗುವುದು, ಕುತ್ತಿಗೆಗೆ ಒದ್ದೆ ವಸ್ತ್ರ, ಆಗಾಗ ಮುಖಕ್ಕೆ ನೀರಿನ ತುಂತುರು, ಇವು ಉಪಾಯಗಳು.

ಇನ್ನೊಂದು ಅಪಾಯವು ಅಷ್ಟಾಗಿ ಪ್ರಸಿದ್ಧವಲ್ಲ. ಎದೆಯ ಭಾಗದ ಆರನೆಯ ಕಶೇರುವಿನ ಮಟ್ಟದಲ್ಲಿಯೋ ಅದಕ್ಕೂ ಮೇಲೆಯೋ ಬೆನ್ನುಹುರಿ ಕೆಟ್ಟವರಲ್ಲಿ, ಮೂತ್ರದ ನಳಿಕೆ ಮಡಿಚಿಕೊಂಡರೆ, ಬಟ್ಟೆ ಬಿಗಿದರೆ, ಕುಳಿತ ಕಡೆ ಕಲ್ಲೊಂದು ಒತ್ತಿದರೆ, ರಕ್ತದೊತ್ತಡವು ಹಠಾತ್ತಾಗಿ ಏರಬಹುದು. ಸಿಡಿಯುವಂಥ ತಲೆನೋವು, ಮುಖ ಕೆಂಪಡರುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರುವುದು ಇದರ ಕುರುಹುಗಳು. ಬಿಸಿಲಿಗೆ ತಲೆ ಸಿಡಿಯುತ್ತಿದೆಯೆಂದು ತಿಳಿದು ಅವರನ್ನು ಮಲಗಿಸುವುದು ಸಲ್ಲದು. ನೆಟ್ಟಗೆ ಕೂರಿಸಿ, ಬಿಗಿದ ಬಟ್ಟೆಗಳನ್ನು ಸಡಿಲಿಸಿ, ನಳಿಕೆಯನ್ನು ನೋಡಬೇಕು. ತತ್‌ಕ್ಷಣ ಶಮನವಾಗದಿದ್ದರೆ ವೈದ್ಯರಲ್ಲಿಗೆ ಧಾವಿಸಬೇಕು. ಸಾಮಾನ್ಯವಾಗಿ ಈ ಸ್ಥಿತಿಯುಳ್ಳವರು ಇದನ್ನು ತಾವೇ ಬಲ್ಲರು. ಜತೆಗಾರರು ಅವರ ಮಾತನ್ನು ಕೇಳುವಷ್ಟು ವಿವೇಕವುಳ್ಳವರಾದರೆ ಸಾಕು.

ದಾರಿಯಲ್ಲಿ ನಡೆದುಕೊಳ್ಳುವ ಕ್ರಮಕ್ಕೆ ಹೆಚ್ಚು ಹೇಳಬೇಕಾದುದಿಲ್ಲ. ಮುಂದೆ ಒಬ್ಬರು, ಕಡೆಯಲ್ಲಿ ಒಬ್ಬರು ದಾರಿ ಬಲ್ಲವರಿರಲಿ. ಗುಂಪಿನ ವೇಗವು ಅತಿ ನಿಧಾನದವರ ವೇಗವಾಗಿರಲಿ. ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಕಷ್ಟು ಅಂತರ ಬಿಟ್ಟು ಇಳಿಯಬೇಕು. ಕಡಿದಾದಲ್ಲಿ ಸಹಾಯಕನು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಇಳಿಸುವುದು ಲೇಸು. ಎತ್ತಬೇಕಾದಾಗ ಚೌಕಟ್ಟನ್ನು ಹಿಡಿದು ಎತ್ತಬೇಕು; ತೋಳಾಸರೆಯೂ ಕಾಲುಹಲಗೆಯೂ ಕೈಗೆ ಕಳಚಿ ಬರುವ ಭಾಗಗಳು. ಗಾಳಿ ಹಾಕುವ ಪಂಪು, ಪಂಕ್ಚರಿನ ಸಾಮಾನು, ಆಯಾ ಕುರ್ಚಿಗೆ ಒಪ್ಪುವ ಟ್ಯೂಬು ಇವು ಬೇಕು. ಸಾಮಾನ್ಯ ಸೈಕಲ್ಲಿನ ಟ್ಯೂಬು ಎಲ್ಲ ಕುರ್ಚಿಗಳಿಗೂ ಒಗ್ಗದು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳದೆ ಕುರ್ಚಿಯ ಹಿಡಿಗೆ ಕೈ ಹಾಕಬಾರದು. ದಾರಿಯಲ್ಲಿ ಹೋಗುವವನ ತೋಳನ್ನು ಹಿಡಿದು ಎಳೆದೊಯ್ಯುವುದನ್ನು ನಾವು ಉಪಕಾರವೆನ್ನುವೆವೆ?

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಉಳಿಯಿತು. ನೀರೂ ರೈಲೂ ಕಡಿದಾದ ಏರನ್ನು ಹತ್ತವು. ಆದಕಾರಣ ಅವು ಹೋದ ದಾರಿಯೇ ಗಾಲಿಗೆ ಒಳ್ಳೆಯ ದಾರಿ. ಅಮೆರಿಕಾದಲ್ಲಿ ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡಿನವರೆಗೆ ೧೫೦ ಮೈಲಿಗಳ ಹಳೆಯ ರೈಲುದಾರಿಯನ್ನು ವಿಹಾರಪಥವಾಗಿ ಮಾಡಿ ೨೦೧೩ರಲ್ಲಿ ಪೂರೈಸಿದರು. ಅಲ್ಲಿಂದ ವಾಷಿಂಗ್ಟನ್ನಿನವರೆಗೆ ೧೮೪ ಮೈಲಿ ಹಳೆಯ ಕಾಲುವೆಯ ದಡ. ನಮ್ಮಲ್ಲಿ ಕಾಲುವೆಗಳಿಗೂ ಕೆರೆಗಳಿಗೂ ಬರವಿಲ್ಲ. ಕೆರೆಯ ಏರಿಯು ಮೇಲೆ ಸಮತಟ್ಟು. ತೊಂದರೆಯೆಲ್ಲ ಹತ್ತುವ ಕಡೆ, ಕೋಡಿಯ ಕಡೆ ಮತ್ತು ತೂಬಿನ ಬಳಿಯ ಮೆಟ್ಟಿಲುಗಳಲ್ಲಿ. ನಾಲೆಯ ದಂಡೆಗಳೂ ಸಮವೇ, ಆದರೆ ತಡೆಗೋಡೆಯಿಲ್ಲದ ದಂಡೆಗೆ ಗುಂಪನ್ನು ಒಯ್ಯಲೇಬಾರದೆಂದು ನಾವು ಖಂಡಿತವಾಗಿ ಹೇಳುವೆವು. ೨೦೧೮ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ ೩೦ ಜನ ಮಡಿದುದನ್ನು ಯಾರೂ ಮರೆತಿರಲಾರರು. ಮೊದಲ ವಿಹಾರಕ್ಕೆ ಬೆಂಗಳೂರಿನವರು ಕಬ್ಬನ್ ಪಾರ್ಕನ್ನು ಆರಿಸಿಕೊಳ್ಳಬಹುದು. ೧೮೭೦ರಲ್ಲಿ ಏರ್ಪಟ್ಟ ಆ ಉದ್ಯಾನದೊಳಗೆ ಡಾಂಬರಿನ ರಸ್ತೆಗಳಿವೆ. ಮಗ್ಗುಲಲ್ಲೇ ಅದರ ಹೆಸರಿನ ಮೆಟ್ರೋ ನಿಲ್ದಾಣವಿದ್ದು, ಅಲ್ಲಿ ಲಿಫ್ಟು ಇದೆ. ಸಣ್ಣದಾಗಿ ಆರಂಭಿಸಿ ಒಂದು ಮೈಲಿ ಹೋಗಿಬಂದವರೇ ಮುಂದಿನ ವರ್ಷ ಐದು ಮೈಲಿಯ ದಾರಿಯನ್ನು ಅಳೆಯಬಲ್ಲರು.

ಅಧಿಕಾರಿವರ್ಗದವರಿಗೆ ನಮ್ಮ ಮಾತು ಇಷ್ಟು. ಪ್ರತಿ ಡಿಸೆಂಬರ್ ೩ರಂದು ಅಂಗವಿಕಲರ ದಿನಾಚರಣೆಯೆಂದು ವೇದಿಕೆ ಹಾಕಿ, ಹಾರ ಹಾಕಿ, ಛಾಯಾಚಿತ್ರ ತೆಗೆಸಿಕೊಳ್ಳುವುದು ನಡೆದಿದೆ. ಆ ವೇದಿಕೆಗೇ ಇಳಿಜಾರುಹಾದಿಯಿಲ್ಲದ ಪ್ರಸಂಗಗಳೂ ಇಲ್ಲದಿಲ್ಲ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ವಿಹಾರ ವಿನೋದಗಳಲ್ಲಿ ಇತರರಿಗೆ ಸಮನಾಗಿ ಭಾಗವಹಿಸುವ ಹಕ್ಕನ್ನು ತನ್ನ ೨೯ನೆಯ ಪ್ರಕರಣದಲ್ಲಿ ಮನ್ನಿಸಿದೆ. ಅದರಡಿಯ ಅಳತೆಗಳು ಕೇವಲ ಮಾರ್ಗದರ್ಶನದ ಮಾತುಗಳೆಂದು ಇಲಾಖೆಗಳು ಕೈ ತೊಳೆದುಕೊಳ್ಳುತ್ತಿದ್ದುವು. ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು ಆ ವಾದಕ್ಕೆ ತೆರೆಯೆಳೆದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ಬೇರೆಯಾಗಿ ಗೊತ್ತುಮಾಡತಕ್ಕದ್ದೆಂದು ವಿಧಿಸಿತು. ಇನ್ನು ಮೇಲೆ "ಸಾಧ್ಯವಾದಷ್ಟು ಮಟ್ಟಿಗೆ" ಎಂಬ ಒಕ್ಕಣೆಯು ಕಡತದಲ್ಲಿ ಬಾರದಿರಲಿ.

ಕೋಟಿಗಟ್ಟಲೆಯ ಯೋಜನೆಯನ್ನು ನಾವು ಕೇಳುವುದಿಲ್ಲ. ಪ್ರತಿ ಪೌರಸಭೆಯೂ ತನ್ನ ಸೀಮೆಯ ಒಂದು ಉದ್ಯಾನವನ್ನೋ ಒಂದು ಕೆರೆಯ ಏರಿಯನ್ನೋ ಆರಿಸಿಕೊಂಡು, ಊರಿನ ಗಾಲಿಕುರ್ಚಿಯವರನ್ನು ಜತೆಗೆ ಕರೆದುಕೊಂಡು ಅಳೆದು, ಆ ಐದು ಅಳತೆಗಳನ್ನು ಬಾಗಿಲಲ್ಲಿ ಕನ್ನಡದಲ್ಲಿ ಬರೆಯಿಸಲಿ. ಫಲಕವು ಕುಳಿತವರ ಕಣ್ಣಿಗೆ ಎಟುಕುವ ಎತ್ತರದಲ್ಲಿರಲಿ. ಶೌಚಾಲಯವೆಷ್ಟು ದೂರ, ಬೀಗದ ಕೈ ಯಾರಲ್ಲಿ ಎಂಬುದೂ ಕೆಳಗೆ ಬರೆದಿರಲಿ. ದಾರಿ ಕೆಟ್ಟಿದ್ದರೆ ಕೆಟ್ಟಿದೆಯೆಂದೇ ಬರೆಯಿಸಲಿ. ಅಳೆದ ದಿನಾಂಕವನ್ನು ಹಾಕ��ಸಿ, ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿಸಿ ತಿದ್ದಿಸಲಿ. ಅಂಥ ಫಲಕವನ್ನು ನಿಲ್ಲಿಸಿದ ಪೌರಸಭೆಯವರು ಆ ಅಳತೆಗಳನ್ನು ನಮಗೆ ಕಳುಹಿಸಿಕೊಟ್ಟರೆ ಇದೇ ಪುಟದಲ್ಲಿ ಖರ್ಚಿಲ್ಲದೆ ಪ್ರಕಟಿಸುವೆವು.